ಅವ್ವನ ಕಿವಿಗೆ ಬಿದ್ದ ಜರ್ಮನ್ ಪಂಕ್

ಕಿವಿಗಳಲ್ಲಿ ಎರಡು ಜಾತಿ. ಸಂಗೀತ ಕೇಳುವ ಕಿವಿ ಒಂದು, ಕನ್ನಡಕದ ಕಡ್ಡಿ ಸಿಗಿಸಿಕೊಳ್ಳುವ ಕಿವಿ ಇನ್ನೊಂದು. ನನ್ನವು ಎರಡನೆಯ ಜಾತಿಯವು. ಕಾಲೇಜಿನ ಸಹೋದ್ಯೋಗಿಗಳ ಮನೆಯಲ್ಲಿ ಯಾರದಾದರೂ ಗಾಯನದ ಕ್ಯಾಸೆಟ್ ಹಾಕಿದಾಗ ಎಲ್ಲರ ಹಾಗೆ ನಾನೂ ಕಣ್ಣು ಮುಚ್ಚಿ ತಲೆಯಾಡಿಸುತ್ತೇನೆ. ಆದರೆ ಹಾಡು ಮುಗಿದು ಅವರೆಲ್ಲ ಚಹಾದ ಬಟ್ಟಲು ಕೈಗೆತ್ತಿಕೊಂಡ ಮೇಲೂ ನನ್ನ ತಲೆ ಆಡುತ್ತಲೇ ಇರುತ್ತದೆ, ಅಲ್ಲಿ ಸಿಕ್ಕಿಬೀಳುತ್ತೇನೆ. ಇದರಲ್ಲಿ ನನ್ನ ತಪ್ಪು ಬಹಳ ಇಲ್ಲ. ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಅಲ್ಲಿ ಬೆಳಗು ಹರಿಯುವ ಮೊದಲೇ ಮಗ್ಗಗಳು ಶುರುವಾಗುತ್ತವೆ. ಒಂದು ಮನೆಯ ಖಟಕ್ ನಿಲ್ಲುವಷ್ಟರಲ್ಲಿ ಇನ್ನೊಂದು ಮನೆಯ ಖಟಕ್ ಬಂದಿರುತ್ತದೆ. ಹೀಗಾಗಿ ನಮ್ಮ ಓಣಿಯವರೆಲ್ಲ ಮಾತಾಡುವುದಿಲ್ಲ, ಒದರುತ್ತಾರೆ. ಗಂಡ ಹೆಂಡತಿ ಜಗಳಾಡುತ್ತಿದ್ದಾರೋ ಪ್ರೀತಿಯಿಂದ ಊಟಕ್ಕೆ ಕರೆಯುತ್ತಿದ್ದಾರೋ ಎಂದು ತಿಳಿಯಬೇಕಾದರೆ ಹತ್ತಿರ ಹೋಗಿ ಮುಖ ನೋಡಬೇಕು. ಜಮಖಂಡಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುವಾಗ ಪಕ್ಕದ ಎರಡು ಕೋಣೆಗಳ ಹುಡುಗರೂ ಇಂಗ್ಲಿಷ್ ಕಲಿಯುತ್ತಾರೆಂದು ಪ್ರಿನ್ಸಿಪಾಲರು ಹೇಳುವುದುಂಟು. ಅದನ್ನು ಅವರು ಹೊಗಳಿಕೆಯಾಗಿ ಹೇಳುತ್ತಾರೋ ಇಲ್ಲವೋ ನಾನು ವಿಚಾರಿಸಿಲ್ಲ.

ಈ ಮಗ್ಗದ ಸಪ್ಪಳಕ್ಕೆ ನಿಜವಾಗಿ ಬಲಿಯಾದವಳು ನಮ್ಮವ್ವ. ಅಪ್ಪ ಇದ್ದಷ್ಟು ಕಾಲ ನಮ್ಮ ಮನೆಯ ಕೆಳಗಿನ ಪಡಸಾಲೆಯಲ್ಲಿ ಪವರ್‌ಲೂಮ್‌ಗಳಿದ್ದವು. ಅವ್ವ ಅವುಗಳ ನಡುವೆಯೇ ಕುಳಿತು ನೂಲಿನ ಕಂಡಿಕೆ ಸುತ್ತಿ, ಅಲ್ಲಿಯೇ ನಮ್ಮನ್ನು ಬೈದು, ಅಲ್ಲಿಯೇ ದೊಡ್ಡವರನ್ನಾಗಿ ಮಾಡಿದಳು. ಅಪ್ಪ ಹೋದ ಮೇಲೆ ಮಗ್ಗಗಳೂ ಹೋದವು. ಅವುಗಳ ಹಿಂದೆಯೇ, ಋಣ ತೀರಿದ ಹಾಗೆ, ಅವ್ವನ ಕಿವಿಗಳೂ ಹೋದವು. ಮೊದಮೊದಲು ಯಾರಾದರೂ ಏನಾದರೂ ಅಂದರೆ "ಏನಂದಿ?" ಎನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ವಿಜಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಕಿವಿಯ ಮಷೀನು ಕೊಡಿಸಿದೆ. ಒಂದು ವಾರ ಹಾಕಿಕೊಂಡಳು. ಆಮೇಲೆ ತೆಗೆದು ನನ್ನ ಕೈಗಿತ್ತು, "ಇದರಾಗ ನೀವು ಮಾತಾಡೋದು ಕೇಳೂದಿಲ್ಲಪಾ, ರೊಟ್ಟಿ ಅಗಿಯೋದು ಅಷ್ಟ ಕೇಳಸ್ತೈತಿ" ಎಂದಳು. ಓಣಿಯ ಎಲ್ಲ ಬಾಣಂತನ, ಮದುವೆ, ರಾಜಿಪಂಚಾಯ್ತಿಗಳಿಗೆ ಮೊದಲು ಹೋಗುತ್ತಿದ್ದವಳು ಈಗ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕುಳಿತುಬಿಟ್ಟಳು. ಬಂದವರು ಬಾಯಿ ಆಡಿಸುತ್ತಿದ್ದರು, ಅವ್ವ ಸುಮ್ಮನೆ ನಗುತ್ತಿದ್ದಳು. ಬರಬರುತ್ತ ಬರುವವರೂ ಕಡಿಮೆಯಾದರು. ಕಿವಿ ಹೋದದ್ದಕ್ಕಿಂತ ಆ ನಗು ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಇಂಥ ಮನೆಗೆ ಡೀಟರ್ ಎಂಬ ಜರ್ಮನ್ ಮನುಷ್ಯ ಬಂದ. ಆ ಕಡೆ ಹೊಸದಾಗಿ ಏಳುತ್ತಿದ್ದ ಒಂದು ಸಕ್ಕರೆ ಕಾರಖಾನೆಗೆ ಯಂತ್ರ ಜೋಡಿಸಲು ಅವನ ದೇಶದ ಕಂಪನಿಯವರು ಕಳಿಸಿದ್ದರು. ಕಾರಖಾನೆಯ ಅತಿಥಿಗೃಹಕ್ಕೆ ಇನ್ನೂ ಛಾವಣಿ ಹಾಕಿರಲಿಲ್ಲ. ಇಂಗ್ಲಿಷ್ ಬರುವವರ ಮನೆಯಲ್ಲಿ ಕೋಣೆ ಬೇಕು ಎಂದು ಕಾರಖಾನೆಯವರು ಕೇಳಿಕೊಂಡು ಬಂದರು. ನಮ್ಮ ಮಾಳಿಗೆಯ ಕೋಣೆ ಖಾಲಿಯಿತ್ತು. ಡೀಟರ್ ಬಾಗಿಲಲ್ಲಿ ಬಗ್ಗಿ ಒಳಗೆ ಬರುವಷ್ಟು ಎತ್ತರದ, ಸಾಧು ಸ್ವಭಾವದ ಆಳು. ನನ್ನ ಹೆಂಡತಿ ಶಾಂತಾ ಇವನಿಗೆ ಏನು ಅಡುಗೆ ಮಾಡಬೇಕೆಂದು ಎರಡು ದಿನ ನಿದ್ದೆಗೆಟ್ಟಳು. ಮೂರನೆಯ ದಿನ ಅವನು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಹಚ್ಚಿಕೊಂಡು ತಿಂದು "ಛಲೋ ಐತ್ರಿ" ಎಂದ ಮೇಲೆ, ನಮ್ಮ ಮನೆಯಲ್ಲಿ ಅಡುಗೆಯ ಬಗ್ಗೆ ಮಾತಾಡುವ ಅಧಿಕಾರ ನನ್ನಿಂದ ಅವನಿಗೆ ವರ್ಗವಾಯಿತು.

ತೊಂದರೆ ಇದ್ದದ್ದು ಅವನ ಟೇಪ್‌ರೆಕಾರ್ಡರಿನಲ್ಲಿ. ಮೊದಲ ಸಂಜೆ ಮಾಳಿಗೆಯಿಂದ ಬಂದ ಸದ್ದು ಕೇಳಿ ನಾನು ಮೆಟ್ಟಿಲು ಹತ್ತಿ ಓಡಿದೆ. ನಾಲ್ಕು ಜನ ಸೇರಿ ಅವನನ್ನು ಹೊಡೆಯುತ್ತಿದ್ದಾರೆ, ಒಬ್ಬ ತಗಡಿನ ಡಬ್ಬಿ ಎತ್ತಿ ಒಗೆಯುತ್ತಿದ್ದಾನೆ ಎಂದೇ ನನ್ನ ತಿಳುವಳಿಕೆ. ಒಳಗೆ ನೋಡಿದರೆ ಡೀಟರ್ ಮಂಚದ ಮೇಲೆ ಕಾಲು ಚಾಚಿಕೊಂಡು ಕಣ್ಣು ಮುಚ್ಚಿ ಸುಖವಾಗಿ ಮಲಗಿದ್ದ. "ಏನಾಯಿತು?" ಎಂದೆ. "ಸಂಗೀತ," ಎಂದ. ಪಂಕ್ ರಾಕ್ ಅಂತೆ. ಅವನು ಶಾಲೆಯಲ್ಲಿದ್ದಾಗ ಅವನ ಊರಿನ ಹುಡುಗರು ಕಟ್ಟಿದ ತಂಡ. ಮೊದಲ ರೆಕಾರ್ಡನ್ನು ಯಾರದೋ ಮನೆಯ ನೆಲಮಾಳಿಗೆಯಲ್ಲಿ ತಾವೇ ಮಾಡಿಕೊಂಡರಂತೆ. ಆಗ ಅವರಲ್ಲಿ ಯಾರಿಗೂ ಸರಿಯಾಗಿ ಬಾರಿಸಲು ಬರುತ್ತಿರಲಿಲ್ಲವಂತೆ. ಅದನ್ನು ಅವನು ನಾಚಿಕೆಯಿಂದಲ್ಲ, ಹೆಮ್ಮೆಯಿಂದ ಹೇಳಿದ. ಅಂದಿನಿಂದ ಅವರು ಹೊರತಂದದ್ದೆಲ್ಲ ಕ್ಯಾಸೆಟ್ಟುಗಳಾಗಿ ಅವನ ಡಬ್ಬಿಯಲ್ಲಿದ್ದವು. ಒಂದರ ಮೇಲಿನ ಚಿತ್ರದಲ್ಲಿ ನಾಲ್ವರು ನಿಂತಿದ್ದರು; ಕೂದಲು ಜೋಳ ಕೊಯ್ದ ಹೊಲದ ಕೂಳೆಯ ಹಾಗೆ ನೆಟ್ಟಗೆ ಎದ್ದಿತ್ತು. ಅವರು ಕ್ಯಾಮೆರಾದ ಕಡೆ ನೋಡುತ್ತಿದ್ದ ರೀತಿಗೆ ಫೋಟೋ ತೆಗೆದವನು ಕ್ಷೇಮವಾಗಿ ಮನೆ ಮುಟ್ಟಿದನೇ ಎಂದು ನನಗೆ ಚಿಂತೆಯಾಯಿತು.

ಅತಿಥಿಗೆ ಇಷ್ಟವಾದದ್ದು ನಮಗೂ ಇಷ್ಟವಾಗಬೇಕು ಎಂಬುದು ನಮ್ಮ ಮನೆತನದ ಹಟ. ನಾನು ಆ ಸಂಗೀತವನ್ನು ಮೆಚ್ಚಿಯೇ ತೀರುತ್ತೇನೆ ಎಂದು ನಿಶ್ಚಯಿಸಿದೆ. ಎಂ.ಎ. ಪರೀಕ್ಷೆಗೆ ಓದಿದ ಹಾಗೆ ಸಂಜೆಗೊಂದು ಕ್ಯಾಸೆಟ್ ಕೇಳಿದೆ. ಮೊದಲನೆಯದು ತಗಡಿನ ಪೆಟ್ಟಿಗೆಯೊಳಗೆ ಕುಳಿತು ಹಾಡಿದಂತಿತ್ತು. ಅದರಲ್ಲಿ ಒಂದು ಹಾಡು ಶುರುವಾಯಿತೆಂದು ನಾನು ಸರಿಯಾಗಿ ಕೂರುವಷ್ಟರಲ್ಲಿ ಮುಗಿದು ಮುಂದಿನದು ಬಂದಿರುತ್ತಿತ್ತು. ನಂತರದವುಗಳಲ್ಲಿ ಸದ್ದು ಸ್ವಚ್ಛವಾಗಿತ್ತು, ಅಂದರೆ ಯಾರು ಯಾವುದನ್ನು ಹೊಡೆಯುತ್ತಿದ್ದಾರೆಂದು ಬೇರೆಬೇರೆಯಾಗಿ ತಿಳಿಯುತ್ತಿತ್ತು. ತೀರ ಈಚಿನದೊಂದರಲ್ಲಿ ತುತ್ತೂರಿ ಕೂಡ ಬಂತು. ತುತ್ತೂರಿ ಬಂದದ್ದು ಡೀಟರ್‌ಗೆ ಇಷ್ಟವಿರಲಿಲ್ಲ. ತಂಡ ಕೆಟ್ಟಿತು ಎಂದು ಅವನ ಗೆಳೆಯರೆಲ್ಲ ವರ್ಷವಿಡೀ ಜಗಳಾಡಿದ್ದರಂತೆ. ನನಗೆ ಇಡೀ ಡಬ್ಬಿಯಲ್ಲಿ ಹಿಡಿಸಿದ್ದು ಅದೊಂದೇ ತುತ್ತೂರಿ. ಅದನ್ನು ಅವನಿಗೆ ಹೇಳುವ ಧೈರ್ಯವಾಗಲಿಲ್ಲ. "ರೀ, ಅರ್ಧಾ ತಾಸು ಆತು, ಮಾರಿ ಯಾಕ ಹಂಗ ಮಾಡ್ಕೊಂಡ ಕುಂತೀರಿ? ಹಲ್ಲ ನೋಯಾಕತ್ತಾವೇನ?" ಎಂದು ಶಾಂತಾ ಕೇಳಿದಾಗ ನಾನು ಸಂಗೀತ ಸವಿಯುತ್ತಿದ್ದೆ.

ಹೀಗೆ ಒಂದು ಸಂಜೆ ಕರೆಂಟು ಹೋಯಿತು. ಕರೆಂಟು ಹೋದರೆ ನಮ್ಮೂರಿನಲ್ಲಿ ಕತ್ತಲೆಗಿಂತ ಮೊದಲು ಗೊತ್ತಾಗುವುದು ಮೌನ. ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತು, ಊರಿಗೆ ಊರೇ ಉಸಿರು ಹಿಡಿದಂತಾಗುತ್ತದೆ. ಸೆಖೆಯೆಂದು ಡೀಟರ್ ಟೇಪನ್ನು ಕೆಳಗಿನ ಪಡಸಾಲೆಗೆ ತಂದು ಬ್ಯಾಟರಿ ಶೆಲ್ ಹಾಕಿ ಹಚ್ಚಿದ. ಹಚ್ಚುವಾಗ ದನಿ ಪೂರಾ ಮೇಲಿತ್ತು. ಗೋಡೆಗೆ ಒರಗಿ ಕುಳಿತಿದ್ದ ಅವ್ವ ಥಟ್ಟನೆ ತಲೆಯೆತ್ತಿದಳು.

"ಯಾರೋ ಹಾಡಾಕತ್ತಾರಲ್ಲ," ಎಂದಳು.

ಶಾಂತಾ ಕೈಯಲ್ಲಿದ್ದ ಕಂದೀಲನ್ನು ಹಾಗೆಯೇ ಹಿಡಿದು ನಿಂತಳು. ನಾನು ಅವ್ವನ ಕಿವಿಯ ಹತ್ತಿರ ಬಾಯಿಟ್ಟು, "ಕೇಳಸ್ತೈತೇನಬೇ?" ಎಂದು ಒದರಿದೆ. ಅದು ಅವಳಿಗೆ ಕೇಳಿಸಲಿಲ್ಲ. ಅವಳು ಕುಂಡೆಯ ಮೇಲೆ ಸರಿಯುತ್ತ ಸರಿಯುತ್ತ ಟೇಪಿನ ಹತ್ತಿರ ಬಂದು, ಹಸುವಿನ ಮೈ ಸವರುವ ಹಾಗೆ ಅದರ ಮೇಲೆ ಅಂಗೈ ಇಟ್ಟಳು. ಡೋಲಿನ ಪೆಟ್ಟು ಬಿದ್ದ ಹಾಗೆಲ್ಲ ಅವಳ ಗದ್ದ ಮೇಲೆ ಕೆಳಗೆ ಆಡತೊಡಗಿತು. ನನ್ನ ಹಾಗಲ್ಲ, ಸರಿಯಾದ ಜಾಗದಲ್ಲಿ ಆಡಿತು. ಸರಿಯಾದ ಜಾಗದಲ್ಲಿ ನಿಂತಿತು. "ಮಂದಿ ಸಿಟ್ಟಿಗೆದ್ದಾರ," ಎಂದಳು. "ಆದ್ರ ಕೆಟ್ಟವರಲ್ಲ." ಡೀಟರ್‌ಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು, ನಮ್ಮ ದೇಶದ ಪತ್ರಿಕೆಯವರು ಈ ತಂಡದ ಬಗ್ಗೆ ಇಷ್ಟು ಚೆನ್ನಾಗಿ ಬರೆದಿಲ್ಲ ಎಂದ.

ಅವತ್ತಿನಿಂದ ಕರೆಂಟು ಹೋದಾಗಲೆಲ್ಲ ಅವ್ವನ ಸಂಗೀತ. ಅವುಗಳಲ್ಲಿ ಒಂದು ಹಾಡು ಅವಳಿಗೆ ಅಚ್ಚುಮೆಚ್ಚಾಯಿತು. ಅದರ ನಡುವೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತು, ಒಬ್ಬನೇ ಒಬ್ಬ ಗಂಟಲು ಹರಿಯುವ ಹಾಗೆ "ಮಿಟ್ಟೆಲ್‌ಬ್ರೂಕೇ" ಎಂದು ಒದರುತ್ತಿದ್ದ. ಮರುಕ್ಷಣ ಎಲ್ಲವೂ ಮತ್ತೆ ಅವನ ಮೈಮೇಲೆ ಬಿದ್ದಂತೆ ಶುರುವಾಗುತ್ತಿತ್ತು. ಆ ಕೂಗಿಗಾಗಿ ಅವ್ವ ಮುಂಚಿತವಾಗಿಯೇ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. "ಯಾರನ್ನೋ ಕರಿಯಾಕತ್ತಾನ. ದೂರ ಹೊಂಟಾವ್ರನ್ನ ಕರದಂಗ ಐತಿ ನೋಡು," ಎನ್ನುತ್ತಿದ್ದಳು. ಅದಾದ ಮೇಲೆ ಅವಳಿಗೆ ಮಾತು ಬರುತ್ತಿತ್ತು. ಅಪ್ಪ ಜಮಖಂಡಿಯಿಂದ ಮೊದಲ ಮಗ್ಗ ತಂದದ್ದು, ಅದು ಗಾಡಿಯಿಂದ ಇಳಿಯದೆ ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟದ್ದು, ಇಂಥವನ್ನೆಲ್ಲ ಹೇಳುತ್ತಿದ್ದಳು. ಕತ್ತಲಲ್ಲಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಪಡಸಾಲೆಗೆ ಬಂದರು. ಹಾಡಿಗಾಗಿ ಬಂದರೆಂದು ನಾನು ಹೇಳುವುದಿಲ್ಲ. ಆದರೆ ಬಂದರು, ಮತ್ತು ಅವ್ವ ಅವರ ಮುಖ ನೋಡಿ ಹೇಳಿದ್ದನ್ನು ಅರ್ಧಕ್ಕರ್ಧ ತಿಳಿದುಕೊಳ್ಳತೊಡಗಿದಳು.

ಯಂತ್ರ ಜೋಡಿಸಿ ಮುಗಿಸಿ ಡೀಟರ್ ಹೊರಟಾಗ ಟೇಪನ್ನೂ ಕ್ಯಾಸೆಟ್ಟಿನ ಡಬ್ಬಿಯನ್ನೂ ಅವ್ವನ ಮಡಿಲಲ್ಲಿಟ್ಟು ಹೋದ. ಆಮೇಲೆ ಅವ್ವ ಕರೆಂಟು ಹೋಗಲೆಂದು ಕಾಯುವುದನ್ನು ಬಿಟ್ಟಳು. ಹಗಲು ಹೊತ್ತಿನಲ್ಲಿಯೂ ಹಚ್ಚತೊಡಗಿದಾಗ ಪಕ್ಕದ ಮನೆಯ ಬಸಪ್ಪಣ್ಣ ಬಂದ. ಅವನ ಮನೆಯಲ್ಲಿ ಆರು ಪವರ್‌ಲೂಮ್‌ಗಳು. "ಸರ, ನಿಮ್ಮ ಟೇಪಿನ ಸಪ್ಪಳಕ್ಕ ನಮ್ಮ ಮಗ್ಗದ ಸಪ್ಪಳ ಕೇಳವಲ್ದರಿ," ಎಂದ. ಜೀವಮಾನವಿಡೀ ಅವನ ಮಗ್ಗದ ಸಪ್ಪಳದಲ್ಲಿ ಪಾಠ ತಯಾರು ಮಾಡಿದ ನನಗೆ ಇದನ್ನು ಕೇಳಿ ಒಂದು ಥರದ ಸಂತೋಷವಾಯಿತು. ಆದರೆ ಅವನ ತಕರಾರು ನ್ಯಾಯವಾದದ್ದೇ. ಎಳೆ ಹರಿದರೆ ಮಗ್ಗದ ಸದ್ದು ಬದಲಾಗುತ್ತದೆ. ಅದು ಕೇಳದಿದ್ದರೆ ಸೀರೆ ಕೆಡುತ್ತದೆ. ಕಡೆಗೆ, ಮಗ್ಗ ನಡೆದಾಗ ಹಾಡಿಲ್ಲ, ಹಾಡು ನಡೆದಾಗ ಮಗ್ಗವಿಲ್ಲ ಎಂದು ಒಪ್ಪಂದವಾಯಿತು. ವಿದ್ಯುತ್ ಮಂಡಳಿಯವರ ಕೃಪೆಯಿಂದ ಅವ್ವನಿಗೆ ಕೊರತೆಯಾಗಲಿಲ್ಲ.

ಹೀಗಿರಲು ಒಂದು ದಿನ ನಾನು ಕಾಲೇಜಿನಿಂದ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅವ್ವ ಮತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿಗೆ ಟೇಪು ಬಾಯಿ ತೆರೆದಿತ್ತು. ಅದರೊಳಗಿನಿಂದ ಕಂದು ಬಣ್ಣದ ಪಟ್ಟಿ ಶಾವಿಗೆಯ ಹಾಗೆ ಹೊರಗೆ ಬಿದ್ದಿತ್ತು. ಶಾಂತಾ ಅಡುಗೆಮನೆಯಿಂದ ಕೈಸನ್ನೆ ಮಾಡಿ ನನ್ನನ್ನು ಕರೆದಳು. "ಮಷೀನು ಆ ಕೂಗೋ ಹಾಡಿನ ಕ್ಯಾಸೆಟ್ಟ ತಿಂದೈತ್ರಿ. ನಾ ಎಷ್ಟ ಹೇಳಿದ್ರೂ ಅತ್ತಿ ನಂಬವಲ್ರು. ಹಾಡು ನಡದೈತಿ, ನನ್ನ ಕಿವೀನ ಪೂರಾ ಹೋತು ಅನ್ನಾಕತ್ತಾರ," ಎಂದಳು. ನಾನು ಅವ್ವನ ಎದುರಿಗೆ ಕುಳಿತು ಪಟ್ಟಿಯನ್ನು ಎತ್ತಿ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ, ನನ್ನನ್ನು ನೋಡಿ ಹಳೆಯ ಆ ನಗುವನ್ನು ನಕ್ಕಳು. "ಇರ್ಲಿ ಬಿಡಪಾ. ಎಷ್ಟ ದಿನಾ ಅಂತ ಕೇಳೋದು," ಎಂದಳು. ಬೇರೆ ಕ್ಯಾಸೆಟ್ ಹಾಕಲು ಹೋದರೆ ಕೈ ಹಿಡಿದಳು. ಹಾಕಿ ಕೇಳದೇ ಹೋದರೆ ಎಂಬ ಅಂಜಿಕೆ ಅವಳಿಗಿತ್ತೆಂದು ನನಗೆ ತಿಳಿಯಿತು.

ಆ ಹಾಡನ್ನು ಎಲ್ಲಿಂದಾದರೂ ತಂದೇ ತರುತ್ತೇನೆ ಎಂದು ಶಾಂತಾಳ ಎದುರಿಗೆ ಹೇಳಿ ಮರುದಿನವೇ ಹೊರಟೆ. ಜಮಖಂಡಿಯ ಕ್ಯಾಸೆಟ್ ಅಂಗಡಿಯವನು "ಯಾವ ಪಿಚ್ಚರಿಂದರಿ ಸರ?" ಎಂದು ಕೇಳಿದ. ಪಿಚ್ಚರಿನದಲ್ಲ, ಜರ್ಮನಿಯದು ಎಂದೆ. ಅವನು ಒಳಗೆ ಹೋಗಿ ಇಂಗ್ಲಿಷ್ ಬಾಯಿಪಾಠದ ಕ್ಯಾಸೆಟ್ ತಂದುಕೊಟ್ಟ. ಬೀಳಗಿಯ ಅಂಗಡಿಯಲ್ಲಿ ಹಾಡಿನ ಧಾಟಿ ಹೇಳಿರಿ ಎಂದರು. ಹೆಸರು ಹೇಳಿದರೂ ಯಾರಿಗೂ ತಿಳಿಯದ ಹಾಡನ್ನು ಹುಡುಕಬೇಕಾದವನು ಹಾಡಿಯೇ ತೋರಿಸಬೇಕಲ್ಲವೆ? ನಾನು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಎರಡೂ ಕೈಗಳಿಂದ ಬಡಿಯುತ್ತ, ನೆನಪಿದ್ದಷ್ಟು ಧಾಟಿಯನ್ನು ಹಾಡಿದೆ. ಕೂಗುವ ಜಾಗ ಬಂದಾಗ ಸಣ್ಣಗೆ ಕೂಗೋಣವೆಂದುಕೊಂಡಿದ್ದೆ. ಆದರೆ ಅದು ಸಣ್ಣಗೆ ಬರುವ ಕೂಗಲ್ಲ. ಹಿಂದೆ ತಿರುಗಿ ನೋಡಿದರೆ ಮಂದಿ ಕೂಡಿದ್ದರು. ಅವರಲ್ಲಿ ನನ್ನ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಅಂಗಡಿಯವನು ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿ, ನೀರು ಕೊಟ್ಟು, "ಮನ್ಯಾಗ ಯಾರರೆ ಅದಾರೇನ್ರಿ, ಕರಸೂಣು?" ಎಂದ.

ಕಡೆಗೆ ಮುಧೋಳದಲ್ಲಿ ಟೇಪು ರಿಪೇರಿ ಮಾಡುವ ಒಬ್ಬಾತ, ಹಾಡು ಹುಡುಕುವುದನ್ನು ಬಿಟ್ಟು ಕೆಟ್ಟ ಕ್ಯಾಸೆಟ್ಟನ್ನೇ ತೋರಿಸಿರಿ ಎಂದ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಚೀಲದಿಂದ ತೆಗೆದುಕೊಟ್ಟ ಕ್ಯಾಸೆಟ್ಟಿನ ಪಟ್ಟಿಯನ್ನು ಅವನು ಮೆಲ್ಲಗೆ ನೇರ ಮಾಡಿ, ಪೂರಾ ಜಜ್ಜಿಹೋದ ಗೇಣುದ್ದದ ತುಂಡನ್ನು ಕತ್ತರಿಸಿ, ಅದರ ಜಾಗದಲ್ಲಿ ಬೇರೆ ಖಾಲಿ ಪಟ್ಟಿಯನ್ನು ಅಂಟಿಸಿದ. "ಹಾಡು ನಡೀತೈತ್ರಿ. ನಡುವ ಒಂದು ಚೂರು ಸುಮ್ನ ಇರ್ತೈತಿ ನೋಡ್ರಿ," ಎಂದ. ನಾನು ಅವನಿಗೆ ಕೈ ಮುಗಿದು ಓಡಿಬಂದು ಬಸ್ಸು ಹತ್ತಿದೆ.

ಮನೆಗೆ ಬಂದು ಅವ್ವನನ್ನು ಒತ್ತಾಯ ಮಾಡಿ ಕೂರಿಸಿ, ಅವಳ ಕೈಯನ್ನು ಟೇಪಿನ ಮೇಲಿಟ್ಟು ಹಚ್ಚಿದೆ. ಡೋಲು ಶುರುವಾಯಿತು. ಅವ್ವನ ಕಣ್ಣು ಅಗಲವಾದವು. "ಐತಿ, ಐತಿ," ಎಂದಳು. ಶಾಂತಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಹಾಡು ನಡೆಯಿತು, ಅವ್ವ ಸೆರಗು ಸರಿಮಾಡಿಕೊಂಡಳು, ವಾದ್ಯಗಳೆಲ್ಲ ನಿಂತವು. ಆಗ ನನಗೆ ತಿಳಿಯಿತು, ಮುಧೋಳದ ಆ ಮನುಷ್ಯ ಕತ್ತರಿಸಿದ ಗೇಣುದ್ದದ ತುಂಡು ಯಾವುದೆಂದು. ಕೂಗು ಬರಲಿಲ್ಲ. ಅವ್ವನ ಮುಖ ಇಳಿಯತೊಡಗಿತು, ಅಂಗೈ ಟೇಪಿನಿಂದ ಮೇಲೇಳತೊಡಗಿತು. ಯೋಚಿಸಲು ಸಮಯವಿರಲಿಲ್ಲ. ನಾನು ಅವ್ವನ ಕಿವಿಯ ಹತ್ತಿರ ಬಗ್ಗಿ, ಓಣಿಯ ಉಸಿರನ್ನೆಲ್ಲ ಎದೆಗೆ ಎಳೆದುಕೊಂಡು, "ಮಿಟ್ಟೆಲ್‌ಬ್ರೂಕೇ" ಎಂದು ಒದರಿದೆ. ಡೋಲು ಸರಿಯಾಗಿ ನನ್ನ ಮೇಲೆ ಬಂದು ಬಿತ್ತು. ಅವ್ವನ ಅಂಗೈ ತಿರುಗಿ ಕೆಳಗೆ ಕುಳಿತಿತು.

"ಆಂವಗ ನೆಗಡಿ ಆಗೇತಿ," ಎಂದಳು. "ಆದ್ರ ಅದಾನ."

ನನ್ನ ಮಾತು ಒದರಿದರೂ ಕೇಳದ ಕಿವಿಗೆ ಈ ಕೂಗು ಹೇಗೆ ಕೇಳಿತೋ ನನಗೆ ಗೊತ್ತಿಲ್ಲ. ಬಹುಶಃ ಅವಳು ಅದನ್ನು ಕಾಯುತ್ತಿದ್ದಳು, ಅದಕ್ಕೇ ಕೇಳಿತು. ಅಂದಿನಿಂದ ಇದು ನನ್ನ ನಿತ್ಯದ ಕೆಲಸವಾಯಿತು. ಕರೆಂಟು ಹೋದ ಕೂಡಲೇ ನಾನು ಎಲ್ಲಿದ್ದರೂ ಪಡಸಾಲೆಗೆ ಬರಬೇಕು. ಉತ್ತರಪತ್ರಿಕೆ ತಿದ್ದುತ್ತಿರಲಿ, ಅರ್ಧ ಗಡ್ಡ ಹೆರೆದಿರಲಿ, ಹಾಡಿನ ಆ ಜಾಗಕ್ಕೆ ಸರಿಯಾಗಿ ಹಾಜರಾಗಿ ಕೂಗಬೇಕು. ಮೊದಲು ಮೊದಲು ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಕೂಗುತ್ತಿದ್ದೆ. ಹಟ ಹಿಡಿದು ಸಾಧನೆ ಮಾಡಿದೆ. ನನ್ನ ತಲೆ ಯಾವ ಗಾಯನಕ್ಕೂ ತಾಳದಲ್ಲಿ ಆಡಿದ್ದಿಲ್ಲ, ಆದರೆ ಆ ಕೂಗು ಮಾತ್ರ ತಪ್ಪದ ಹಾಗಾಯಿತು. ಓಣಿಯ ಹೆಂಗಸರು ಒಲೆಯ ಮೇಲಿನ ಬೇಳೆಯನ್ನು ಸಹ ಮರೆತು ಆ ಗಳಿಗೆಗೆ ನನ್ನನ್ನೇ ನೋಡುತ್ತಿದ್ದರು. ಬಸಪ್ಪಣ್ಣ ಒಂದು ಸಂಜೆ ಬಂದು, "ಸರ, ನಿನ್ನಿಗಿಂತ ಇವತ್ತ ಛಲೋ ಬಂತು," ಎಂದು ಹೇಳಿಹೋದ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಯಾರೂ ಹಾಗೆ ಅಂದಿರಲಿಲ್ಲ. ನಾನೂ, ಈಗ ಹೇಳಲಿಕ್ಕೇನು, ಕನ್ನಡಿಯ ಮುಂದೆ ಒಂದೆರಡು ಸಲ ಕೂದಲನ್ನು ಮೇಲೆ ನಿಲ್ಲಿಸಿ ನೋಡಿದೆ. ನಿಲ್ಲುವಷ್ಟು ಕೂದಲಿರಲಿಲ್ಲ.

ಮರುವರ್ಷ ಯಂತ್ರದ ತಪಾಸಣೆಗೆಂದು ಡೀಟರ್ ಮತ್ತೆ ಬಂದ. ಸಂಜೆ ಅವನ ಎದುರಿಗೆ ಹಾಡು ಹಚ್ಚಿ, ಆ ಜಾಗದಲ್ಲಿ ನಾನು ಎಂದಿಗಿಂತ ಚೆನ್ನಾಗಿ ಕೂಗಿದೆ. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದ. ಹಾಡು ಮುಗಿದ ಮೇಲೆ ನಾನು, ಆ ಶಬ್ದದ ಅರ್ಥವೇನು, ಸ್ವಾತಂತ್ರ್ಯವೆಂದೇ, ಕ್ರಾಂತಿಯೆಂದೇ ಎಂದು ಕೇಳಿದೆ. ಅಲ್ಲ, ಅದು ನಮ್ಮೂರಿನ ಒಂದು ಬಸ್ ಸ್ಟಾಪು ಎಂದ. ಅಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲವಂತೆ. ನಿಲ್ಲಿಸದೆ ಹೋದ ಬಸ್ಸಿನ ಹಿಂದೆ ಓಡುತ್ತ ಕೂಗುವ ಹಾಡಂತೆ. ಬನಹಟ್ಟಿಯಿಂದ ಜಮಖಂಡಿಗೆ ದಿನಾಲೂ ಬಸ್ಸಿನಲ್ಲಿ ಓಡಾಡುವ ನಾನು, ಭಾಷೆ ತಿಳಿಯದೆಯೂ ಅದನ್ನು ಅಷ್ಟು ಭಾವಪೂರ್ಣವಾಗಿ ಹೇಗೆ ಹಾಡಿದೆನೆಂಬುದು ಆಗ ಗೊತ್ತಾಯಿತು.

ಡೀಟರ್ ಅದೇ ಕ್ಯಾಸೆಟ್ಟಿನ ಹೊಸ ಪ್ರತಿಯೊಂದನ್ನು ತಂದಿದ್ದ. ಮರುದಿನ ಅದನ್ನು ಹಾಕಿದೆವು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಅವ್ವ ಅಂಗೈ ಇಟ್ಟಳು, ಡೋಲು ನಡೆಯಿತು, ವಾದ್ಯಗಳು ನಿಂತವು, ನಾನು ಉಸಿರೆಳೆದು ಬಾಯಿ ತೆರೆದೆ. ಆ ಜರ್ಮನ್ ಮನುಷ್ಯ ಪೆಟ್ಟಿಗೆಯೊಳಗಿನಿಂದ ಗಂಟಲು ಹರಿಯುವ ಹಾಗೆ ಕೂಗಿದ. ಅವ್ವ ಇನ್ನೊಂದು ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು ಮೆಲ್ಲಗೆ ತಟ್ಟಿದಳು.

"ನೀ ಸುಮ್ನಿರಪಾ ಇನ್ನ," ಎಂದಳು. "ಆಂವನ ನೆಗಡಿ ಹೋತು."

ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಅವ್ವನಿಗೆ ಒಳ್ಳೆಯದಾಯಿತಲ್ಲ, ಅಷ್ಟೇ ಬೇಕಾಗಿತ್ತು ಎಂದು ಶಾಂತಾಳಿಗೆ ಹೇಳಿದೆ. ಆದರೆ ನನ್ನ ಮುಖ ಬೇರೇನನ್ನೋ ಹೇಳುತ್ತಿತ್ತೆಂದು ಕಾಣುತ್ತದೆ. ಡೀಟರ್ ಮಾಳಿಗೆಗೆ ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ. ಇಷ್ಟು ವರ್ಷಗಳಲ್ಲಿ ಆ ತಂಡದಿಂದ ಎಷ್ಟೋ ಜನ ಹೊರಗೆ ಹೋಗಿದ್ದಾರೆ, ಡೋಲಿನವರಂತೂ ಲೆಕ್ಕವಿಲ್ಲ. ಕೆಲವರನ್ನು ಆಮೇಲೆ ಮತ್ತೆ ಕರೆದುಕೊಂಡದ್ದೂ ಉಂಟು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ನಾನೇನೂ ಹಚ್ಚಿಕೊಂಡಿಲ್ಲ. ಆದರೂ ದಿನಾಲೂ ಮುಂಜಾನೆ ಬಚ್ಚಲಲ್ಲಿ ಮೈಮೇಲೆ ನೀರು ಹಾಕಿಕೊಳ್ಳುವ ಮೊದಲು ಒಂದು ಸಲ ಕೂಗಿ ನೋಡುತ್ತೇನೆ. ದನಿ ಕೆಡಬಾರದಲ್ಲ.